ಸಣ್ಣ ಅಡುಗೆಮನೆ, ತುಂಬಿದ ಸಂಸಾರ: ಉಗ್ರಾಣದ ಕಪಾಟು ನಾವೇ ಮಾಡಿಕೊಳ್ಳಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಾಪತ್ರಯದ್ದು. ಅಡುಗೆಮನೆ ಸಣ್ಣದು, ಡಬ್ಬಿ ಜಾಸ್ತಿ, ಇಡೋಕೆ ಜಾಗ ಇಲ್ಲ. ಬಡಿಗೇರರನ್ನು ಕರೆಸಿದರೆ ಖರ್ಚು ಕೈಮೀರುತ್ತೆ, ನಾವೇ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಕೊಳ್ಳಬಹುದು. ಆದರೆ ಬೆಳಗಾವಿಯ ಮಳೆ ಬೇರೆ, ವಿಜಯಪುರದ ಬಿಸಿಲು ಬೇರೆ, ಬಾಗಲಕೋಟೆಯ ಬಾಡಿಗೆ ಮನೆಯ ಕಷ್ಟ ಇನ್ನೂ ಬೇರೆ. ಅದಕ್ಕೇ ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಬರೆಯದೆ ಕೆಲವು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾವರೇ, ನಮ್ಮದು ಬೆಳಗಾವಿಯ ವಡಗಾಂವದಲ್ಲಿ ನೇಕಾರರ ಮನೆ. ಮುಂದಿನ ಕೋಲಿಯಲ್ಲಿ ಪವರ್‌ಲೂಮ್, ಹಿಂದೆ 7 ಅಡಿಗೆ 9 ಅಡಿ ಅಡುಗೆಮನೆ. ಆರು ಜನ ಇದ್ದೇವೆ. ಜೋಳ, ಗೋಧಿ ಊರಿಂದ ಚೀಲಗಟ್ಟಲೆ ಬರುತ್ತವೆ. ಫ್ರಿಜ್ಜಿನಿಂದ ಬಾಗಿಲ ಚೌಕಟ್ಟಿನವರೆಗೆ 30 ಇಂಚು ಗೋಡೆ ಖಾಲಿ ಇದೆ. ಅಲ್ಲಿ ಈಗ ಎರಡು ಹಲಗೆ ಹೊಡೆದಿದ್ದೇವೆ. ಮಗ್ಗ ಓಡುವಾಗ ಬರಣಿಗಳು ಒಂದೊಂದೇ ಸರಿದು ಅಂಚಿಗೆ ಬರುತ್ತವೆ. ನೂಲಿನ ಧೂಳೂ ಕೂಡುತ್ತೆ. ಮಳೆಗಾಲದಲ್ಲಿ ಆ ಗೋಡೆ ತಂಪು ಹಿಡಿಯುತ್ತೆ. ನಮ್ಮ ಮನೆಯವರಿಗೆ ಡ್ರಿಲ್ ಹಿಡಿಯೋಕೆ ಬರುತ್ತೆ. ಏನು ಮಾಡಿದರೆ ಚಲೋ?

ಉತ್ತರ: ತಂಗಿ, ಬೇಕಾದ ವಿವರ ಎಲ್ಲ ಬರೆದಿದ್ದೀರಿ, ಹಾಗಾಗಿ ನಿಮಗೇ ದೊಡ್ಡ ಉತ್ತರ ಕೊಡುತ್ತೇನೆ. ಬೇರೆಯವರೂ ಇದನ್ನು ಓದಿಕೊಳ್ಳಿ.

ಗೋಡೆ ಅಳೆದಿದ್ದೀರಿ, ಸರಿ. ಈಗ ಡಬ್ಬಿ ಅಳೆಯಿರಿ. ಕಪಾಟು ಮಾಡಿಸಿದ ಮೇಲೆ ಜೋಳದ ಡಬ್ಬಿ ಒಳಗೆ ಹೋಗಲ್ಲ ಅಂತ ನೆಲದ ಮೇಲೇ ಇಟ್ಟುಕೊಂಡಿರುವ ಮನೆಗಳು ಬೇಕಾದಷ್ಟಿವೆ. ನಮ್ಮ ಕಡೆ ಕಾಳು ಹಾಕಿಡುವುದು ಹೆಚ್ಚಾಗಿ 15 ಕೆಜಿ ಎಣ್ಣೆಯ ಚೌಕ ಡಬ್ಬಿಯಲ್ಲಿ ಅಲ್ವಾ? ಅದು ಸುಮಾರು ಒಂಬತ್ತೂಕಾಲು ಇಂಚು ಚೌಕ, 14 ಇಂಚು ಎತ್ತರ. ಜೋಳ ತುಂಬಿದರೆ ಹತ್ತತ್ತಿರ 14 ಕೆಜಿ ಹಿಡಿಯುತ್ತೆ. ನಿಮ್ಮ ಉಗ್ರಾಣದ ಅಳತೆ ಈ ಡಬ್ಬಿಯಿಂದಲೇ ಹೊರಡಬೇಕು. ಎರಡು ಡಬ್ಬಿ ಅಕ್ಕಪಕ್ಕ ಕೂತು ಒಂದು ಎಣ್ಣೆ ಬಾಟಲಿಗೆ ಜಾಗ ಉಳಿದರೆ 26 ಇಂಚು ಅಗಲ ಸಾಕು. ಆಳ 12 ಇಂಚು ಸಾಕು. ಇದಕ್ಕಿಂತ ಆಳ ಮಾಡಬೇಡಿ. ಸಣ್ಣ ಅಡುಗೆಮನೆಯವರಿಗೆ ನಾನು ಪ್ರತಿ ಸಲ ಹೇಳುವ ಮಾತು ಇದು: ಆಳ ಕಡಿಮೆ ಇರಲಿ, ಭಾರ ಕೆಳಗಿರಲಿ, ಹಿಂದೆ ಗಾಳಿ ಆಡಲಿ. ಎರಡಡಿ ಆಳದ ಕಪಾಟಿನಲ್ಲಿ ಹಿಂದಿನ ಸಾಲಿಗೆ ಹೋದ ಸಾಮಾನು ಮತ್ತೆ ಸಿಗುವುದು ಯುಗಾದಿ ಸಾರಣೆ ಮಾಡುವಾಗಲೇ, ಅಷ್ಟೊತ್ತಿಗೆ ಕಡಲೆಹಿಟ್ಟಿನ ತುಂಬ ಹುಳ.

30 ಇಂಚಿನಲ್ಲಿ ಫ್ರಿಜ್ಜಿನ ಕಡೆ 2 ಇಂಚು ಬಿಡಿ. ಈಗಿನ ಬಹಳಷ್ಟು ಫ್ರಿಜ್ಜುಗಳು ಒಳಗಿನ ಬಿಸಿಯನ್ನು ಪಕ್ಕದ ತಗಡಿನಿಂದಲೇ ಹೊರಗೆ ಹಾಕುತ್ತವೆ, ಕೈಯಿಟ್ಟು ನೋಡಿ ಗೊತ್ತಾಗುತ್ತೆ. ಆ ಬಿಸಿ ಹೋಗೋಕೆ ದಾರಿ ಬೇಕು. ಆ ಪಕ್ಕಕ್ಕೆ ತಾಗುವಂತೆ ಎಣ್ಣೆ, ತುಪ್ಪ, ಬೆಲ್ಲ ಇಡಲೂಬಾರದು. ಉಳಿದ 28 ಇಂಚಿನಲ್ಲಿ ಅರ್ಧ ಇಂಚು ಕೈ ಆಡಿಸೋಕೆ ಬಿಡಿ. ಯಾವ ಗೋಡೆಯೂ ದಾರಕ್ಕೆ ಕಟ್ಟಿದ ಗುಂಡು ಬಿಟ್ಟು ನೋಡಿದರೆ ನೆಟ್ಟಗೆ ಇರಲ್ಲ. ಕೆಳಗೆ 28 ಇದ್ದದ್ದು ಮೇಲೆ ಇಪ್ಪತ್ತೇಳೂ ಮುಕ್ಕಾಲು ಆಗಿರುತ್ತೆ. ಮೂರು ಕಡೆ ಅಳೆಯಿರಿ, ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಿರಿ.

ಹಿಂದಿನ ತೆಳು ಪ್ಲೈ ಬಿಟ್ಟರೆ ಇಡೀ ಕಪಾಟು ಒಂದೇ ಶೀಟಿನಲ್ಲಿ ಆಗುತ್ತೆ. 8 ಅಡಿಗೆ 4 ಅಡಿಯ 18 ಎಂಎಂ ಪ್ಲೈವುಡ್ ತಗೊಂಡು ಉದ್ದಕ್ಕೆ ನಾಲ್ಕು ಪಟ್ಟಿ ಸೀಳಿಸಿ. ಗರಗಸ ತಿಂದದ್ದು ಬಿಟ್ಟು ಒಂದೊಂದು ಪಟ್ಟಿ 12 ಇಂಚಿಗೆ ಸ್ವಲ್ಪ ಕಡಿಮೆ ಬರುತ್ತೆ. ಎರಡು ಪಟ್ಟಿ 7 ಅಡಿಗೆ ಕತ್ತರಿಸಿದರೆ ಎರಡು ಪಕ್ಕ ಆಯಿತು. ಉಳಿದ ಎರಡರಲ್ಲಿ 26 ಇಂಚಿನ ಮೂರು ಮೂರು ಹಲಗೆ ಬರುತ್ತವೆ. ಒಂದು ತಳಕ್ಕೆ, ಒಂದು ತಲೆಗೆ, ನಾಲ್ಕು ನಡುವೆ. ಪ್ಲೈವುಡ್ ಅಂಗಡಿಯಲ್ಲಿ ಮಷಿನ್ ಇದ್ದರೆ ಈ ಲೆಕ್ಕ ಚೀಟಿಯಲ್ಲಿ ಬರೆದು ಕೊಟ್ಟು ಅಲ್ಲೇ ಕತ್ತರಿಸಿಕೊಳ್ಳಿ. ಇಡೀ ಶೀಟು 35 ಕೆಜಿ ಹತ್ತಿರ ತೂಗುತ್ತೆ, ವಡಗಾಂವದ ಓಣಿಯಲ್ಲಿ ಅದನ್ನು ತಿರುಗಿಸಿ ಒಳಗೆ ತರೋದೇ ಒಂದು ಕೆಲಸ. ತುಂಡು ಮಾಡಿ ತಂದರೆ ಸಲೀಸು.

ಅಂಗಡಿಯವರು ಯಾವ ಪ್ಲೈ ಬೇಕು ಅಂತ ಕೇಳುತ್ತಾರೆ. ಎಂಆರ್ ಅಂದರೆ ಬರೀ ತೇವದ ಗಾಳಿಗೆ ತಡೆಯುವಂಥದ್ದು, ಅಗ್ಗ, ಬೆಳಗಾವಿಯ ಜುಲೈ ತಿಂಗಳಿಗೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಬಿಡಬ್ಲ್ಯುಆರ್ ತಗೊಳ್ಳಿ, ಅಂದರೆ ಕುದಿಯುವ ನೀರಿಗೂ ತಡೆಯುವಂಥದ್ದು. ಐಎಸ್ 303 ಅನ್ನುವ ಭಾರತೀಯ ಮಾನಕದ ಗುರುತು ಎಂಆರ್ ಮೇಲೂ ಇರುತ್ತೆ, ಹಾಗಾಗಿ ಶೀಟಿನ ಮೇಲೆ ಅದರ ಜೊತೆಗೆ ಬಿಡಬ್ಲ್ಯುಆರ್ ಅಂತಲೂ ಇರಬೇಕು. ಮರೀನ್ ಅಂತ ಮಾರುವುದು ಐಎಸ್ 710. ಅದರ ತುಂಡನ್ನು 72 ತಾಸು ಕುದಿಯುವ ನೀರಲ್ಲಿಟ್ಟು ಪರೀಕ್ಷೆ ಮಾಡಿರುತ್ತಾರೆ. ಒಳ್ಳೆಯದೇ, ಆದರೆ ಸಿಂಕಿನ ಕೆಳಗೆ ಇಡುವುದಾದರೆ ಮಾತ್ರ ಅಷ್ಟು ದುಡ್ಡು ಹಾಕಿ. ಯಾವುದೇ ತಂದರೂ ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿ ಎರಡು ಕೈ ಎನಾಮೆಲ್ ಪೇಂಟ್ ಬಳಿಯಿರಿ. ಪ್ಲೈ ನೀರು ಕುಡಿಯುವುದು ಮೇಲ್ಮೈಯಿಂದ ಅಲ್ಲ, ಅಂಚಿನಿಂದ. ಮುಖಕ್ಕೆ ಚೆಂದದ ಸನ್‌ಮೈಕಾ ಅಂಟಿಸಿ ಹಿಂದಿನ ಅಂಚು ಹಾಗೇ ಬಿಟ್ಟರೆ ಎರಡನೇ ಮಳೆಗಾಲಕ್ಕೆ ಪದರ ಬಿಚ್ಚಿಕೊಳ್ಳುತ್ತೆ.

ಹಲಗೆ ಜೋಡಿಸುವಾಗ ಪಕ್ಕದಿಂದ ಬರೀ ಮೊಳೆ ಹೊಡೆದು ಬಿಡಬೇಡಿ. ಶೀಟಿನಲ್ಲಿ ಉಳಿದ ತುಂಡುಗಳಿವೆಯಲ್ಲ, ಅವನ್ನು ಒಂದು ಇಂಚು ಅಗಲದ ಪಟ್ಟಿ ಮಾಡಿ. ಹಲಗೆ ಎಲ್ಲೆಲ್ಲಿ ಬರುತ್ತೋ ಅಲ್ಲಿ ಎರಡೂ ಪಕ್ಕದ ಒಳಮೈಗೆ ಫೆವಿಕಾಲ್ ಹಚ್ಚಿ, ಒಂದೂಕಾಲು ಇಂಚಿನ ಸ್ಕ್ರೂ ಹಾಕಿ ಕೂರಿಸಿ. ಹಲಗೆ ಆ ಪಟ್ಟಿಯ ಮೇಲೆ ಕೂರಬೇಕು. ಆಗ ಭಾರ ಹೊರುವುದು ಪಟ್ಟಿ, ಸ್ಕ್ರೂ ಬರೀ ಹಿಡಿದುಕೊಂಡಿರುತ್ತೆ. ಸ್ಕ್ರೂಗೆ ಮೊದಲು 3 ಎಂಎಂ ತೂತು ಮಾಡಿಕೊಂಡರೆ ಪ್ಲೈ ಸೀಳಲ್ಲ.

ಖಾನೆಗಳ ಎತ್ತರ ಹೀಗೆ ಇಟ್ಟುಕೊಳ್ಳಿ. ಕೆಳಗಿನ ಎರಡು 17 ಇಂಚು, ಎಣ್ಣೆ ಡಬ್ಬಿ ಕೂತು ಮೇಲೆ ಕೈ ಆಡುತ್ತೆ. ಅದರ ಮೇಲಿನ ಎರಡು 13 ಇಂಚು, ಬೇಳೆ, ಮಡಕಿಕಾಳು, ಹಿಟ್ಟು, ಗುರೆಳ್ಳು ಪುಡಿ, ಶೇಂಗಾ ಚಟ್ನಿ ಡಬ್ಬಿಗೆ. ಇವು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಬರುತ್ತವೆ, ದಿನಾ ಕೈ ಹೋಗುವ ಜಾಗ ಇದೇ. ಎಲ್ಲಕ್ಕಿಂತ ಮೇಲೆ ಸುಮಾರು 20 ಇಂಚು ಉಳಿಯುತ್ತೆ. ಅಲ್ಲಿ ಹಗುರದ್ದು ಮಾತ್ರ. ಖಡಕ್ ರೊಟ್ಟಿಯ ಬುಟ್ಟಿ, ಹಬ್ಬಕ್ಕೆ ತೆಗೆಯುವ ಪಾತ್ರೆ. ಅಕ್ಕಿ ಚೀಲ ಅಲ್ಲಿಗೆ ಏರಿಸಬೇಡಿ.

ಇಡೀ ಕಪಾಟು ನೆಲದಿಂದ 4 ಇಂಚು ಮೇಲಿರಲಿ. ನಮ್ಮಲ್ಲಿ ನೀರು ಹಾಕಿ ನೆಲ ತೊಳೆಯುವ ರೂಢಿ, ಕಟ್ಟಿಗೆ ನೆಲಕ್ಕೆ ತಾಗಿದರೆ ಮುಗೀತು. ಕಡಪಾ ಕಲ್ಲಿನ ತುಂಡು ಒಂದರ ಮೇಲೊಂದು ಇಟ್ಟು ಕಾಲು ಮಾಡಿ, ಅವನ್ನು ಸಿಮೆಂಟಿನಿಂದ ಕೂಡಿಸಿ, ಅಲ್ಲಾಡಬಾರದು. ಕಲ್ಲಿಗೆ ಒರಲಿಯ ಭಯವೂ ಕಡಿಮೆ.

ಹಸಿ ಗೋಡೆ ವಿಷಯ. ಹಿಂದೆ 6 ಎಂಎಂ ಪ್ಲೈ ಹಾಕಿ. ಅದು ಇಲ್ಲದಿದ್ದರೆ ಕಪಾಟು ಒಂದು ಕಡೆಗೆ ವಾಲುತ್ತೆ. ಆದರೆ ಅದನ್ನು ಗೋಡೆಗೆ ಒತ್ತಿ ಇಡಬೇಡಿ, ನಡುವೆ ಒಂದು ಇಂಚಿನ ರೀಪು (ಕಟ್ಟಿಗೆಯ ಪಟ್ಟಿ) ಕೊಟ್ಟು ನಿಲ್ಲಿಸಿ. ಕೆಳಗಿನಿಂದ ಗಾಳಿ ಒಳಗೆ ಹೋಗಿ ಮೇಲಿನಿಂದ ಹೊರಗೆ ಬರಬೇಕು, ರೀಪನ್ನು ಉದ್ದಕ್ಕೆ ಹೊಡೆಯಿರಿ, ಅಡ್ಡ ಹೊಡೆದರೆ ಗಾಳಿ ಕಟ್ಟುತ್ತೆ. ಇದಕ್ಕೂ ಮೊದಲು ಗೋಡೆ ಯಾಕೆ ಹಸಿ ಆಗುತ್ತೆ ನೋಡಿ. ಹೊರಗಡೆ ಬಿರುಕಿದೆಯಾ, ಮಾಳಿಗೆಯ ನೀರು ಇಳಿಯುವ ಪೈಪು ಒಡೆದಿದೆಯಾ? ಅದನ್ನು ಬೇಸಿಗೆಯಲ್ಲೇ ಸರಿಮಾಡಿಸಿ. ಕಪಾಟಿನಿಂದ ಹಸಿ ಮುಚ್ಚಿಹೋಗುತ್ತೆ, ಆದರೆ ನಿಲ್ಲಲ್ಲ.

ಇನ್ನು ಮಗ್ಗದ ಅದುರು. ಪ್ರತಿ ಹಲಗೆಯ ಮುಂದೆ ಒಂದೂವರೆ ಇಂಚಿನ ಸಾಗವಾನಿ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಅಂಟಿಸಿ. ಅರ್ಧ ಇಂಚು ಹಲಗೆಯ ಮೇಲೆ ಎದ್ದಿರಲಿ, ಉಳಿದದ್ದು ಮುಂದಿನ ಅಂಚಿಗೆ ಅಂಟಿಕೊಂಡು ಕೆಳಗೆ ಇಳಿಯಲಿ. ಮೇಲಿನ ಅರ್ಧ ಇಂಚು ಬರಣಿ ತಡೆಯುತ್ತೆ, ಕೆಳಗೆ ಇಳಿದದ್ದು ಹಲಗೆ ಬಾಗದ ಹಾಗೆ ನೋಡಿಕೊಳ್ಳುತ್ತೆ. ಬರಣಿ ಕೆಳಗೆ ತೆಳ್ಳನೆಯ ರಬ್ಬರ್ ಮ್ಯಾಟ್ ಹಾಸಿ, ಅರ್ಧ ಸರಿದಾಟ ಅಲ್ಲೇ ನಿಲ್ಲುತ್ತೆ. ಕಪಾಟಿನ ತಲೆಯನ್ನು ಮಾತ್ರ ಗೋಡೆಗೆ ಕಟ್ಟಲೇಬೇಕು. ಎರಡು ಎಲ್ ಕ್ಲಾಂಪ್, ಗೋಡೆಯ ತೂತಿಗೆ ಹಾಕುವ 8 ಎಂಎಂ ಪ್ಲಗ್ಗು, ರೀಪು ದಾಟಿ ಹೋಗುವುದಾದರೆ 75 ಎಂಎಂ ಸ್ಕ್ರೂ. ಗಿಲಾಯಿಯೇ (ಗೋಡೆಯ ಪ್ಲಾಸ್ಟರ್) ಅರ್ಧ ಇಂಚು ಇರುತ್ತೆ, ಅದನ್ನು ದಾಟಿ ಇಟ್ಟಿಗೆಯೊಳಗೆ ಒಂದೂವರೆ ಇಂಚಾದರೂ ಹೋಗಬೇಕು. ಡ್ರಿಲ್ ಮಾಡುವಾಗ ಬರೀ ಮರಳು ಉದುರಿದರೆ ಅದು ಇಟ್ಟಿಗೆಗಳ ನಡುವಿನ ಸಂದು, ಪಕ್ಕಕ್ಕೆ ಸರಿಸಿ ಬೇರೆ ತೂತು ಹಾಕಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ, ನಳದ ನೇರಕ್ಕೆ ಡ್ರಿಲ್ ಇಡಲೇಬೇಡಿ, ಒಳಗೆ ವೈರು, ಪೈಪು ಇರುತ್ತವೆ. ತಲೆ ಕಟ್ಟುವುದನ್ನು ನಾಳೆಗೆ ಅಂತ ಬಿಡಬೇಡಿ. ಮಕ್ಕಳು ಬೆಲ್ಲದ ಡಬ್ಬಿಗೆ ಹಲಗೆ ಹತ್ತುತ್ತಾರೆ, 7 ಅಡಿಯ ಕಪಾಟು ಮುಂದಕ್ಕೆ ಬಂದರೆ ಕೇಳೋದೇ ಬೇಡ.

ಬಾಗಿಲು ಬೇಕಾ ಅಂತ ನೀವು ಕೇಳಿಲ್ಲ. ಸಾಮಾನ್ಯವಾಗಿ ನಾನು ಬೇಡ ಅಂತಲೇ ಹೇಳುತ್ತೇನೆ, ಏಳಡಿ ಅಗಲದ ಕೋಣೆಯಲ್ಲಿ ಕಪಾಟಿನ ಬಾಗಿಲು ತೆಗೆದರೆ ಹಿಂದೆ ಒಬ್ಬರು ಹಾಯೋಕೆ ಆಗಲ್ಲ. ನಿಮ್ಮಲ್ಲಿ ನೂಲಿನ ಧೂಳು ಇರುವುದರಿಂದ ದಪ್ಪ ಕಾಟನ್ ಪರದೆ ಹಾಕಿ, ಸ್ಪ್ರಿಂಗ್ ರಾಡಿನಲ್ಲಿ. ವಾರಕ್ಕೊಮ್ಮೆ ತೊಳೆಯಬಹುದು, ಗಾಳಿಯೂ ಆಡುತ್ತೆ. ಒಲೆ ದೂರ ಇದೆಯಾ ನೋಡಿಕೊಂಡು ಹಾಕಿ, ಹತ್ತಿರ ಇದ್ದರೆ ಪರದೆ ಬೇಡವೇ ಬೇಡ.

ವರ್ಷದ ಜೋಳ ಅಡುಗೆಮನೆಗೆ ತರಬೇಡಿ. ಒಂದು ತಿಂಗಳಿಗೆ ಬೇಕಾದಷ್ಟು ಡಬ್ಬಿಗೆ ತುಂಬಿಕೊಳ್ಳಿ, ಚೀಲ ಪಡಸಾಲೆಯಲ್ಲೋ ಅಟ್ಟದ ಮೇಲೋ ಹಲಗೆ ಮೇಲೆ ಇರಲಿ.

ಪ್ರಶ್ನೆ: ವಿಜಯಪುರದ ಹಳೇ ಊರಿನಲ್ಲಿ ನಮ್ಮ ಅಜ್ಜನ ಕಾಲದ ಮನೆ. ಎರಡಡಿ ದಪ್ಪದ ಮಣ್ಣು ಕಲ್ಲಿನ ಗೋಡೆ, ಮೇಲೆ ಜಂತಿ. ಅಡುಗೆಮನೆಯಲ್ಲಿ ಅಕ್ಕಪಕ್ಕ ಎರಡು ಮಾಡ (ಗೋಡೆಯೊಳಗಿನ ಗೂಡು) ಇವೆ. ನಡುವಿನದನ್ನು ಒಡೆದು ಎರಡೂ ಸೇರಿಸಿದರೆ ನಾಲ್ಕಡಿ ಅಗಲದ ಉಗ್ರಾಣ ಆಗುತ್ತೆ. ನಾನೇ ಚಾಣ, ಸುತ್ತಿಗೆ ಹಿಡಿದು ಒಡೆಯಬಹುದಾ? ಗೋಡೆ ದಪ್ಪ ಇದೆ, ಏನೂ ಆಗಲ್ಲ ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಒಡೆಯಬೇಡಿ ತಮ್ಮಾ. ಈ ಪತ್ರ ಓದಿ ನನಗೆ ನಿಜವಾಗಲೂ ಗಾಬರಿ ಆಯಿತು.

ಈಗಿನ ಕಾಂಕ್ರೀಟ್ ಮನೆಯಲ್ಲಿ ಭಾರ ಹೊರುವುದು ಕಂಬ ಮತ್ತು ಬೀಮು. ನಿಮ್ಮ ಮನೆಯಲ್ಲಿ ಕಂಬ ಇಲ್ಲದ ಕಡೆ ಗೋಡೆಯೇ ಹೊರುತ್ತೆ. ಜಂತಿಯ ತುದಿ ಅದರ ಮೇಲೆ ಕೂತಿದೆ, ಅದರ ಮೇಲೆ ಮಾಳಿಗೆಯ ಮಣ್ಣು. ಮಾಡದ ಮೇಲೆ ಒಂದು ಚಪ್ಪಡಿಯೋ ಕಟ್ಟಿಗೆಯ ತುಂಡೋ ಇರುತ್ತೆ, ಒಂದೂವರೆ ಅಡಿ ಬಾಯಿಗೆ ಅಂತ ಹಾಕಿದ್ದು. ನಡುವಿನದನ್ನು ತೆಗೆದರೆ ಅವೆರಡೂ ಒಂದೊಂದು ಕಡೆ ಊರುಗೋಲು ಕಳೆದುಕೊಳ್ಳುತ್ತವೆ. ಮಣ್ಣಿನ ಗೋಡೆ ಬೀಳುವ ಮುಂಚೆ ಹೇಳಿ ಕೇಳಿ ಬೀಳಲ್ಲ. ಅದರಲ್ಲೂ ಮಳೆ ಬಿದ್ದು ನೆನೆದಿದ್ದರೆ ಕೇಳಲೇಬೇಡಿ. ಗೋಡೆ ದಪ್ಪ ಇರುವುದು ಗಟ್ಟಿ ಅಂತಲ್ಲ, ಮಣ್ಣಿಗೆ ಅಷ್ಟು ದಪ್ಪ ಬೇಕಾಗಿಯೇ ಅಷ್ಟು ಕಟ್ಟಿದ್ದಾರೆ. ಅಗಲ ಮಾಡಲೇಬೇಕು ಅಂದರೆ ಹಳೇ ಮನೆ ಕೆಲಸ ಗೊತ್ತಿರುವ ಗೌಂಡಿ ಬಂದು, ಜಂತಿಗೆ ಮೊದಲು ಆಸರೆ ಕೊಟ್ಟು, ಹೊಸ ಚಪ್ಪಡಿ ಕೂರಿಸಿ ಮಾಡಬೇಕು. ಅದು ರವಿವಾರ ಬಿಡುವಿನಲ್ಲಿ ಮಾಡುವ ಕೆಲಸ ಅಲ್ಲ.

ಆದರೆ ಆ ಮಾಡಗಳು ಇರುವ ಹಾಗೇ ಚಿನ್ನದಂಥ ಜಾಗ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮೂರಲ್ಲಿ 40 ಡಿಗ್ರಿ ದಾಟುತ್ತೆ, ಆಗಲೂ ಆ ಗೋಡೆಯ ಒಳಗೆ ತಣ್ಣಗಿರುತ್ತೆ. ಶೇಂಗಾ ಎಣ್ಣೆ, ತುಪ್ಪ, ಒಣದ್ರಾಕ್ಷಿ, ಇಂಡಿ ನಿಂಬೆಯ ಉಪ್ಪಿನಕಾಯಿ ಬರಣಿ, ಇವಕ್ಕೆಲ್ಲ ಬೇಕಾದ್ದು ತಂಪು ಮತ್ತು ಕತ್ತಲೆ. ಎಣ್ಣೆ ಕಮಟು ಹಿಡಿಯೋಕೆ ಶಾಖ, ಬೆಳಕು, ಗಾಳಿ ಮೂರೂ ಕಾರಣ. ಮಾಡದ ಬಾಯಿಗೆ ಒಂದು ಕಟ್ಟಿಗೆ ಮುಚ್ಚಳ ಕೊಟ್ಟರೆ ಬೆಳಕೂ ತಪ್ಪುತ್ತೆ.

ಮಾಡದೊಳಗೆ ಎತ್ತರ ಇದ್ದರೆ ನಡುವೆ ಒಂದು ಕಡಪಾ ಹಲಗೆ ಹಾಕಿ ಎರಡು ಖಾನೆ ಮಾಡಿ. ಗೋಡೆಗೆ ಸ್ಕ್ರೂ ಬೇಡ, ಮಣ್ಣಿನಲ್ಲಿ ಪ್ಲಗ್ಗು ಹಿಡಿಯಲ್ಲ. ಮಾಡದ ಎರಡೂ ಪಕ್ಕ ಕಲ್ಲಿನ ತುಂಡು ನಿಲ್ಲಿಸಿ ಅದರ ಮೇಲೆ ಕೂರಿಸಿ. 20 ಎಂಎಂ ಕಡಪಾ ಒಂದು ಚದರಡಿಗೆ ಸುಮಾರು 5 ಕೆಜಿ ತೂಗುತ್ತೆ, ಅಳತೆ ಹೇಳಿದರೆ ಕಲ್ಲಿನ ಅಂಗಡಿಯಲ್ಲೇ ಕತ್ತರಿಸಿ ಅಂಚು ಮಟ್ಟ ಮಾಡಿ ಕೊಡುತ್ತಾರೆ. ಒಂದು ಮಾತು ನೆನಪಿರಲಿ. ಕಟ್ಟಿಗೆ ಹಲಗೆ ಭಾರ ಜಾಸ್ತಿ ಆದರೆ ಮೊದಲು ಬಾಗುತ್ತೆ, ಬಾಗಿದ್ದು ಕಣ್ಣಿಗೆ ಕಾಣುತ್ತೆ. ಕಲ್ಲು ಬಾಗಲ್ಲ, ಒಂದೇ ಸಲ ಮುರಿಯುತ್ತೆ. ಅದಕ್ಕೇ ಎರಡಡಿಗಿಂತ ಜಾಸ್ತಿ ಅಂತರವನ್ನು ಕಲ್ಲಿಗೆ ಬಿಡಬೇಡಿ, ನಡುವೆ ಆಸರೆ ಕೊಡಿ.

ಕಾಳಿನ ಡಬ್ಬಿಗಳಿಗೆ ಗೋಡೆಯ ಮುಂದೆ ತನ್ನ ಕಾಲ ಮೇಲೆ ತಾನೇ ನಿಲ್ಲುವ ಕಬ್ಬಿಣದ ರ‍್ಯಾಕ್ ಇಡಿ. ಅದರ ವಿವರ ಮುಂದಿನ ಉತ್ತರದಲ್ಲಿದೆ. ಪಶ್ಚಿಮದ ಗೋಡೆ ಮಾತ್ರ ಬಿಡಿ, ಸಂಜೆ ಪೂರ್ತಿ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತೆ.

ಪ್ರಶ್ನೆ: ಮೇಡಂ, ಬಾಗಲಕೋಟೆ ನವನಗರದಲ್ಲಿ ಬಾಡಿಗೆಗೆ ಇದ್ದೇವೆ. ಮಾಲೀಕರು ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಅಡುಗೆಮನೆಯಲ್ಲಿ ಇರುವುದು ಒಂದೇ ಕಟ್ಟೆ, ಮೇಲೆ ಒಂದು ಸಜ್ಜಾ. ನಾಳೆ ಮನೆ ಬದಲಿಸಿದರೂ ಜೊತೆಗೆ ಒಯ್ಯುವಂಥದ್ದು ಬೇಕು.

ಉತ್ತರ: ನಿಮಗೆ ಪ್ಲೈವುಡ್ ಬೇಡವೇ ಬೇಡ. ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ತಗೊಳ್ಳಿ, ಕಿರಾಣಿ ಅಂಗಡಿಗಳಲ್ಲಿ, ಆಫೀಸಿನ ಫೈಲು ಕೋಣೆಯಲ್ಲಿ ನೋಡಿರುತ್ತೀರಿ, ಉದ್ದಕ್ಕೂ ತೂತು ಇರುವ ಕಬ್ಬಿಣದ ಕಂಬ, ತಗಡಿನ ಹಲಗೆ, ನಟ್ಟು ಬೋಲ್ಟು. ಸ್ಟೀಲ್ ಫರ್ನಿಚರ್ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತೆ. ಒಂದು ಪಾನಾ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಮನೆ ಬದಲಿಸುವಾಗ ಬಿಚ್ಚಿ ಕಟ್ಟು ಕಟ್ಟಿ ಒಯ್ಯಬಹುದು, ಹೊಸ ಮನೆಯ ಸಜ್ಜಾ ಕೆಳಗಿದ್ದರೆ ಕಂಬ ಕತ್ತರಿಸಲೂಬಹುದು.

ಕೊಳ್ಳುವಾಗ ಆಳ 12 ಇಂಚು ಕೇಳಿ. ಅಂಗಡಿಯವರು 15, 18 ಇಂಚಿನದು ತೋರಿಸುತ್ತಾರೆ, ಅದು ಫೈಲಿಗೆ ಸರಿ. ಅಗಲ 3 ಅಡಿಗಿಂತ ಜಾಸ್ತಿ ಬೇಡ. ಇದರ ಹಿಂದೆ ಒಂದು ಲೆಕ್ಕ ಇದೆ, ಹಲಗೆ ಹಾಕುವವರೆಲ್ಲ ತಿಳಿದುಕೊಂಡಿರಬೇಕು. ಹಲಗೆಯ ಉದ್ದಕ್ಕೂ ಒಂದೇ ಸಮ ಡಬ್ಬಿ ತುಂಬಿದ್ದೀರಿ ಅಂತಿಟ್ಟುಕೊಳ್ಳಿ. ಆಸರೆಯಿಂದ ಆಸರೆಗೆ ಇರುವ ಅಂತರವನ್ನು 2 ಅಡಿಯಿಂದ 4 ಅಡಿಗೆ ಒಯ್ದರೆ ಹಲಗೆ ಎರಡು ಪಟ್ಟು ಬಾಗಲ್ಲ, 16 ಪಟ್ಟು ಬಾಗುತ್ತೆ. ದಪ್ಪ ಎರಡು ಪಟ್ಟು ಮಾಡಿದರೂ ಆ ಬಾಗು ಕಡಿಮೆ ಆಗುವುದು ಎಂಟರಲ್ಲೊಂದು ಭಾಗಕ್ಕೆ ಮಾತ್ರ. ಅಂದರೆ ದಪ್ಪ ಹಲಗೆಗೆ ದುಡ್ಡು ಹಾಕುವುದಕ್ಕಿಂತ ಅಂತರ ಕಡಿಮೆ ಮಾಡುವುದೇ ಲಾಭ.

ಜೋಡಿಸುವಾಗ ಮೂಲೆಗೆ ಹಾಕುವ ತ್ರಿಕೋನದ ಸಣ್ಣ ತಗಡು ಕೊಟ್ಟಿರುತ್ತಾರೆ. ಬಹಳ ಜನ ಅದನ್ನು ಹಾಕದೆ ಬಿಡುತ್ತಾರೆ. ಅದಿಲ್ಲದೆ ರ‍್ಯಾಕ್ ತೂಗಾಡುತ್ತೆ, ಎಷ್ಟು ಬಿಗಿ ಮಾಡಿದರೂ ಅಷ್ಟೇ. ಮೇಲೆ ಕೆಳಗೆ ನಾಲ್ಕೂ ಮೂಲೆಗೆ ಹಾಕಿ. ಬೋಲ್ಟು ಮೊದಲು ಸಡಿಲ ಹಾಕಿ, ಪೂರ್ತಿ ನಿಲ್ಲಿಸಿ, ನೆಲದ ಮೇಲೆ ನಾಲ್ಕೂ ಕಾಲು ಕೂತಿದೆಯಾ ನೋಡಿಕೊಂಡು ಆಮೇಲೆ ಬಿಗಿ ಮಾಡಿ. ಕಾಲಿಗೆ ಪ್ಲಾಸ್ಟಿಕ್ ಬೂಟು ಹಾಕಿದರೆ ಮಾಲೀಕರ ಟೈಲ್ಸಿಗೆ ಗೀರು ಬೀಳಲ್ಲ.

ಗೋಡೆಗೆ ಕಟ್ಟೋಕೆ ಬರಲ್ಲ ಅನ್ನುವುದೊಂದೇ ಇಲ್ಲಿ ತೊಡಕು. ಎತ್ತರ ಆರಡಿಯೊಳಗೆ ಇರಲಿ, ಎಲ್ಲ ಭಾರದ ಡಬ್ಬಿ ಕೆಳಗಿನ ಎರಡು ಖಾನೆಯಲ್ಲಿರಲಿ, ಮೂಲೆಗೆ ಒತ್ತಿ ನಿಲ್ಲಿಸಿ. ಮನೆಯಲ್ಲಿ ಹತ್ತುವ ವಯಸ್ಸಿನ ಮಕ್ಕಳಿದ್ದರೆ ಮಾಲೀಕರ ಹತ್ತಿರ ಹೋಗಿ ಎರಡು ತೂತಿಗಾದರೂ ಒಪ್ಪಿಗೆ ಕೇಳಿ. ಬಿಡುವಾಗ ವಾಲ್‌ಪುಟ್ಟಿ ತುಂಬಿ ಬಣ್ಣ ಹಚ್ಚಿ ಕೊಡುತ್ತೇನೆ ಅಂತ ಹೇಳಿ, ಮಕ್ಕಳ ವಿಷಯ ಅಂದರೆ ಒಪ್ಪುತ್ತಾರೆ.

ಜಾಗ ಸಾಲದಿದ್ದರೆ ಇನ್ನೊಂದು ಉಪಾಯ, ದುಂಡು ಡಬ್ಬಿ ಬಿಟ್ಟು ಚೌಕ ಡಬ್ಬಿಗೆ ಬನ್ನಿ. ಒಂದು ಚೌಕದ ಜಾಗದಲ್ಲಿ ದುಂಡು ಡಬ್ಬಿ ಇಟ್ಟರೆ ನೂರರಲ್ಲಿ 21 ಭಾಗಕ್ಕಿಂತ ಜಾಸ್ತಿ ಮೂಲೆಯಲ್ಲಿ ವ್ಯರ್ಥ ಹೋಗುತ್ತೆ. ಅಷ್ಟರಲ್ಲಿ ಬೇಳೆ ಡಬ್ಬಿ ಒಂದು ಸಾಲೇ ಕೂರುತ್ತೆ.

ಪ್ರಶ್ನೆ: ಬೆಳಗಾವಿ ಶಹಾಪುರದಿಂದ ಬರೆಯುತ್ತಿದ್ದೇನೆ. ಕಟ್ಟೆ ಕೆಳಗೆ ಬಾಗಿಲು ಹಾಕಿಸಿ ಸಿಲಿಂಡರ್ ಮತ್ತು ಬೇಳೆಕಾಳು ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವ ವಿಚಾರ ಇದೆ. ನೋಡೋಕೆ ಚೆಂದ ಕಾಣುತ್ತೆ ಅಂತ.

ಉತ್ತರ: ಬೇಡ ಅಣ್ಣಾ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ಕೆಳಗೆ ಇಳಿದು ನೆಲದ ಮಟ್ಟದಲ್ಲೇ ಕೂರುತ್ತೆ. ಬಾಗಿಲು ಹಾಕಿದ ಕಪಾಟಿನೊಳಗೆ ಸೋರಿದರೆ ಅಲ್ಲೇ ತುಂಬಿಕೊಳ್ಳುತ್ತೆ, ವಾಸನೆ ಹೊರಗೆ ಬರುವುದೂ ತಡ. ನೀವು ಬೆಳಿಗ್ಗೆ ಬೇಳೆ ತೆಗೆಯೋಕೆ ಅಂತ ಬಾಗಿಲು ತೆರೆದಾಗ ಹೊರಗೆ ನುಗ್ಗಿ ಬರುತ್ತೆ, ಪಕ್ಕದಲ್ಲೇ ಒಲೆ. ಸಿಲಿಂಡರ್ ತೆರೆದ ಜಾಗದಲ್ಲಿ, ನೆಟ್ಟಗೆ ನಿಂತಿರಬೇಕು, ರೆಗ್ಯುಲೇಟರ್‌ಗೆ ಕೈ ಸುಲಭವಾಗಿ ಹೋಗಬೇಕು. ಆ ಖಾನೆಗೆ ಬಾಗಿಲು ಹಾಕಬೇಡಿ, ಪಕ್ಕದ ಖಾನೆಗೆ ಹಾಕಿಕೊಳ್ಳಿ, ನಡುವೆ ಪೂರ್ತಿ ಗೋಡೆ ಅಥವಾ ಕಲ್ಲು ಇರಲಿ. ಕೆಲಸ ಹಿಡಿದಾಗಲೇ ರಬ್ಬರ್ ಪೈಪಿನ ಮೇಲಿನ ತಾರೀಕು ನೋಡಿ, ಐದು ವರ್ಷ ಆಗಿದ್ದರೆ ಬದಲಿಸಿ. ಗ್ಯಾಸು ಸೋರಿದರೆ ಕರೆ ಮಾಡುವ ಸಂಖ್ಯೆ 1906, ಗೋಡೆ ಮೇಲೆ ಬರೆದಿಡಿ.

ಪ್ರಶ್ನೆ: ಅಕ್ಕಾ, ಕಪಾಟು ಹೊಸದಾಗಿ ಮಾಡಿಕೊಂಡೆವು, ಚೆನ್ನಾಗಿದೆ. ಆದರೆ ರವೆ, ಜೋಳದ ಹಿಟ್ಟಿನಲ್ಲಿ ಹುಳ, ತೊಗರಿಬೇಳೆಯಲ್ಲಿ ನುಸಿ. ಕಪಾಟಿಗೆ ಔಷಧ ಹೊಡೆಯಬೇಕಾ? ಒಬ್ಬರು ಚೀಲದಲ್ಲಿ ಹಾಕುವ ಗುಳಿಗೆ ಹೇಳಿದ್ದಾರೆ. — ಜಮಖಂಡಿ

ಉತ್ತರ: ಆ ಗುಳಿಗೆ ಯಾವುದು ಅಂತ ನೀವು ಬರೆದಿಲ್ಲ. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಆಗಿದ್ದರೆ ಮನೆಯೊಳಗೆ ತರಲೇಬೇಡಿ. ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನ್ನುವ ವಿಷದ ಗಾಳಿ ಹೊರಡುತ್ತೆ. ಮುಚ್ಚಿದ ಮನೆಯಲ್ಲಿ ಮಲಗಿದವರ ಜೀವವೇ ಹೋಗುತ್ತೆ. ತಂದಿಟ್ಟಿದ್ದರೆ ಕೈ ಹಚ್ಚಬೇಡಿ, ಮಕ್ಕಳಿಗೆ ಸಿಗದ ಹಾಗೆ ಮನೆಯ ಹೊರಗೆ ತೇವ ಇಲ್ಲದ ಕಡೆ ಇಟ್ಟು, ಕೊಟ್ಟವರಿಗೇ ವಾಪಸು ಒಯ್ಯಲು ಹೇಳಿ. ಕಪಾಟಿಗೆ ಸ್ಪ್ರೇ ಹೊಡೆಯುವುದೂ ಬೇಡ, ತಿನ್ನುವ ವಸ್ತು ಇಡುವ ಜಾಗ ಅದು.

ಹುಳ ಬಂದದ್ದು ಕಪಾಟಿನಿಂದ ಅಲ್ಲ, ಹೆಚ್ಚಾಗಿ ಕಾಳಿನ ಜೊತೆಗೇ ಬಂದಿರುತ್ತೆ, ಮೊಟ್ಟೆ ಕಣ್ಣಿಗೆ ಕಾಣಲ್ಲ. ನಮ್ಮ ಕಡೆಯ 25 ರಿಂದ 35 ಡಿಗ್ರಿ ಸೆಕೆ ಅವಕ್ಕೆ ಬಹಳ ಹಿತ. ಹೊಸ ಕಾಳು ತಂದ ಕೂಡಲೇ ಹಳೇದರ ಮೇಲೆ ಸುರಿಯಬೇಡಿ, ಇದೊಂದು ಬಿಟ್ಟರೆ ಅರ್ಧ ಕಾಟ ಕಡಿಮೆ. ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇದ್ದಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕೂತು ಬೂಸಲು ಬರುತ್ತೆ. ಬೇಳೆಗೆ ಔಡಲೆಣ್ಣೆ ಕೈಗೆ ಹಚ್ಚಿಕೊಂಡು ಸವರುವ ಪದ್ಧತಿ ಇದೆಯಲ್ಲ, ಅದು ನಿಜವಾಗಲೂ ಕೆಲಸ ಮಾಡುತ್ತೆ, ಎಣ್ಣೆ ಪದರದಿಂದ ಮೊಟ್ಟೆ ಬಲಿಯಲ್ಲ. ರವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಾಲ್ಕೈದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿ. ಜೋಳದ ಹಿಟ್ಟು ಗಿರಣಿಯಿಂದ ಒಂದು ವಾರಕ್ಕೆ ಸಾಕಾಗುವಷ್ಟೇ ಬೀಸಿಸಿ, ಹಳೇದಾದರೆ ರೊಟ್ಟಿಯೂ ಬಿರಿಯುತ್ತೆ. ಹಲಗೆ ಮತ್ತು ಪಕ್ಕದ ಸಂದಿನಲ್ಲಿ ಹಿಟ್ಟು ಕೂತಿರುತ್ತೆ, ಹುಳ ವಾಪಸು ಬರುವುದು ಅಲ್ಲಿಂದ. ಆ ಸಂದಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚಿಬಿಡಿ.

ಪ್ರಶ್ನೆ: ನಮ್ಮತ್ತೆ ಗಿಡ್ಡ, ನಾನು ಎತ್ತರ. ಹಲಗೆ ಯಾರ ಅಳತೆಗೆ ಹಾಕಲಿ? — ಗೋಕಾಕ

ಉತ್ತರ: ಅತ್ತೆಯ ಅಳತೆಗೆ. ಅವರನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಹಿಮ್ಮಡಿ ಎತ್ತದೆ ಕೈ ಆರಾಮಾಗಿ ಮೇಲೆತ್ತಿದಾಗ ಮಣಿಕಟ್ಟು ಎಲ್ಲಿಗೆ ಬರುತ್ತೋ ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ದಿನಾ ಬೇಕಾಗುವ ಯಾವ ಡಬ್ಬಿಯೂ ಆ ಗೆರೆ ದಾಟಬಾರದು. ಇನ್ನೊಂದು ಗೆರೆ ಅವರ ಮೊಣಕಾಲಿಗೆ. ಮೊಣಕಾಲು ನೋವು ಇದ್ದರೆ ಅದರ ಕೆಳಗಿನ ಡಬ್ಬಿ ತೆಗೆಯುವ ಕೆಲಸ ನಿಮ್ಮದಿರಲಿ. ಮೇಲಿನ ಹಲಗೆಗೆ ಸ್ಟೂಲು ಬೇಕಾದರೆ ಅಗಲ ಕಾಲಿನದು ತನ್ನಿ. ಪ್ಲಾಸ್ಟಿಕ್ ಕುರ್ಚಿ ಹತ್ತಲು ಅವರನ್ನು ಬಿಡಬೇಡಿ.